ಶಂಭುಲಿಂಗಯ್ಯನವರೂ ಡ್ರೈ ಫೋರ್ಕಿನ ಗೂಳಿಯೂ

ಕಾಶಿಯ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ರೈಲು ನಿಲ್ಲುವ ಮೊದಲೇ "ಕರ್ನಾಟಕದವ್ರು ಯಾರದೀರಿ? ಈ ಕಡೆ ಬರ್ರೀ!" ಎಂಬ ಕೂಗು ಕೇಳಿಸಿದರೆ ಅದು ನಮ್ಮ ಶಂಭುಲಿಂಗಯ್ಯನವರದು. ಹರೆಯದಲ್ಲೇ ಸವಣೂರು ಕಡೆಯಿಂದ ಬಂದು ಕಾಶಿಯ ಮಠ ಸೇರಿದವರು. ಯಾತ್ರಿಕರನ್ನು ಇಳಿಸಿಕೊಳ್ಳುವುದು, ಗಂಗಾಸ್ನಾನ ಮಾಡಿಸುವುದು, ವಿಶ್ವನಾಥ ಗಲ್ಲಿಯ ನೂಕುನುಗ್ಗಲಿನಲ್ಲಿ ಯಾರೂ ಕಳೆದುಹೋಗದಂತೆ ದರ್ಶನ ಮಾಡಿಸಿ ಮತ್ತೆ ರೈಲು ಹತ್ತಿಸುವುದು ಅವರ ಕೆಲಸ. ಊರಿನಲ್ಲಿದ್ದ ನಾಲ್ಕಾರು ಕನ್ನಡದ ಮನೆಗಳಲ್ಲಿ ಮದುವೆಯಾದರೆ ಮಂತ್ರ ಹೇಳುವವರೂ ಅವರೇ. ಅವರು ಅಸ್ಸಿ ಘಾಟಿನಲ್ಲಿ ನಿಂತು ಮಂತ್ರ ಹೇಳಿದರೆ ಆಚೆ ದಡದಲ್ಲಿ ಮದುವೆಯಾಗುತ್ತದೆ ಎಂದು ದೋಣಿಯವರು ನಗುತ್ತಿದ್ದರು.

ಆ ದಿನಗಳಲ್ಲಿ ಮಠದ ಓಲೆಗರಿಗಳನ್ನು ಓದಲು ಡಾರ್ಲಾ ಎಂಬ ಅಮೆರಿಕದ ಹುಡುಗಿ ಬಂದು ಎರಡು ವರ್ಷ ಇದ್ದಳು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದಳು. ರಿಕ್ಷಾದವನು ಜಗಳಕ್ಕೆ ಬಂದರೆ ಮಠಕ್ಕೆ ಬಂದು, "ಆತನು ನನ್ನನ್ನು ಬಹುವಾಗಿ ನಿಂದಿಸಿದನು" ಎನ್ನುತ್ತಿದ್ದಳು. ಶಂಭುಲಿಂಗಯ್ಯನವರ ಹೆಂಡತಿ ತಾರಾದೇವಿ ಕಾಶಿಯಲ್ಲೇ ಹುಟ್ಟಿ ಬೆಳೆದವರು. ಅವರ ಅರ್ಧ ಹಿಂದಿ ಕನ್ನಡಕ್ಕೂ ಡಾರ್ಲಾಳ ಪುಸ್ತಕದ ಕನ್ನಡಕ್ಕೂ ಮಧ್ಯೆ ದುಭಾಷಿಯಾಗಿ ಶಂಭುಲಿಂಗಯ್ಯನವರೇ ಕೂರಬೇಕಾಗುತ್ತಿತ್ತು. ಹಾಗೆ ಕೂತು ಕೂತು ಅವಳು ಮನೆಯ ಮಗಳೇ ಆಗಿಬಿಟ್ಟಳು.

ತೊಂಬತ್ತೆರಡರಲ್ಲಿ ಅವಳ ಮದುವೆ ಗೊತ್ತಾಯಿತು. ಮಂತ್ರ ಹೇಳಲು ಶಂಭುಲಿಂಗಯ್ಯನವರೇ ಬರಬೇಕೆಂದು ಹಟ ಹಿಡಿದು ವಿಮಾನದ ಟಿಕೆಟ್ಟನ್ನೇ ಕಳಿಸಿದಳು. ತಾರಾದೇವಿ ಅವಲಕ್ಕಿ, ಚಟ್ನಿಪುಡಿ, ಖಾರಬೇಳೆ ಕಟ್ಟಿಕೊಟ್ಟು, "ವಿಮಾನದಲ್ಲಿ ಜೋರ್ ಸೆ ಮಾತಾಡಬ್ಯಾಡ್ರಿ, ಗಿರ್ ಜಾಯೇಗಾ, ಬಿದ್ದಬಿಡ್ತದ" ಎಂದು ಎಚ್ಚರಿಸಿ ಕಳಿಸಿದರು.

ಡಾರ್ಲಾಳ ಊರು ಡ್ರೈ ಫೋರ್ಕ್. ಒಂದೇ ಬೀದಿ, ಎರಡು ಚರ್ಚು, ಸುತ್ತ ಕಣ್ಣು ಹಾಯುವವರೆಗೂ ಹುಲ್ಲು, ಹುಲ್ಲಿನ ತುಂಬ ದನ. ಗಂಡಸರೆಲ್ಲ ದೊಡ್ಡ ಟೋಪಿ ಹಾಕಿಕೊಂಡು, ಕುದುರೆಯಿಂದ ಈಗಷ್ಟೇ ಇಳಿದವರಂತೆ ಕಾಲಗಲಿಸಿ ನಡೆಯುತ್ತಿದ್ದರು. ಕಾವಿ ಶಾಲು, ರುದ್ರಾಕ್ಷಿ, ಹಣೆಯಲ್ಲಿ ಮೂರು ಬೆರಳು ವಿಭೂತಿಯ ಶಂಭುಲಿಂಗಯ್ಯನವರನ್ನು ಕಂಡು ಅವರು ಟೋಪಿ ಮುಟ್ಟಿ ನಮಸ್ಕರಿಸಿದರು.

"ಪುಣ್ಯವಂತರ ಊರವ್ವ! ಎಷ್ಟು ದನ! ಹಾಲು ಎಲ್ಲಿಗೆ ಕಳಸ್ತಾರ?"

ಡಾರ್ಲಾ ಮುಖ ಆಚೆ ತಿರುಗಿಸಿದಳು. "ಅಯ್ಯನವರೇ, ಇವು ಹಾಲಿನ ಸಲುವಾಗಿ ಸಾಕಲ್ಪಟ್ಟವುಗಳಲ್ಲ."

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಆ ದಿನವಿಡೀ ಅವರು ಅವಲಕ್ಕಿಯನ್ನೂ ಮುಟ್ಟಲಿಲ್ಲ.

ಮದುವೆ ಭಾನುವಾರ ಬೆಳಿಗ್ಗೆ. ಅದೇ ವಾರಾಂತ್ಯ ಊರಿನ ರೋಡಿಯೋ. ಹುಚ್ಚೆದ್ದ ಗೂಳಿಯ ಬೆನ್ನ ಮೇಲೆ ಒಂದೇ ಕೈಯಲ್ಲಿ ಹಗ್ಗ ಹಿಡಿದು ಎಂಟು ಸೆಕೆಂಡು ಕೂರುವ ಪಂದ್ಯ. ಬೇಸರ ಕಳೆಯಲೆಂದು ಡಾರ್ಲಾ ಶುಕ್ರವಾರ ಅವರನ್ನು ಕರೆದೊಯ್ದಳು. ಎಲ್ಲರೂ ಭಯಪಡುತ್ತಿದ್ದ ಗೂಳಿಯ ಹೆಸರು ಲಿಟಲ್ ಮಿಸ್ಟೇಕ್. ಅದರ ಒಡೆಯ ಹಾರ್ಲನ್, ಮದುಮಗನ ತಂದೆ.

ಗೂಳಿಯನ್ನು ಕೂಡಿಹಾಕಿದ್ದ ಕಟಕಟೆಯ ಬಾಗಿಲು ತೆರೆಯಿತು. ಗೂಳಿ ಒಮ್ಮೆ ಸುತ್ತಿತು, ಒಮ್ಮೆ ಬೆನ್ನು ಕೊಡವಿತು. ಸವಾರ ಗಾಳಿಯಲ್ಲಿ ಕೈಕಾಲು ಆಡಿಸುತ್ತ ಹೋಗಿ ಮಣ್ಣಿಗೆ ಬಿದ್ದ. ಶಂಭುಲಿಂಗಯ್ಯನವರು ಎದ್ದು ನಿಂತು ಎರಡೂ ಕೈ ಎತ್ತಿದರು.

"ಹರ ಹರ ಮಹಾದೇವ!"

ಮೈದಾನವೆಲ್ಲ ತಿರುಗಿ ನೋಡಿತು. ಮುಂದಿನ ಸಾಲಿನ ಮುದುಕಿ, ಇವರು ಏನೆನ್ನುತ್ತಿದ್ದಾರೆಂದು ಡಾರ್ಲಾಳನ್ನು ಕೇಳಿದಳು. "ಅವರು ಗೂಳಿಯ ಕಡೆಯವರು" ಎಂದಳು ಡಾರ್ಲಾ. ಮುದುಕಿ ಸ್ವಲ್ಪ ಯೋಚಿಸಿದಳು. ಅವಳ ಗಂಡನ ಸೊಂಟವನ್ನು ಒಂದು ಗೂಳಿಯೇ ಮುರಿದಿತ್ತಂತೆ. ಮುಂದಿನ ಸವಾರ ಬಿದ್ದಾಗ ಅವಳೂ "ಹರಾ ಹರಾ" ಎಂದು ದನಿಗೂಡಿಸಿದಳು.

ಪಂದ್ಯದ ನೂರು ಅಂಕದಲ್ಲಿ ಅರ್ಧ ಗೂಳಿಗೇ ಎಂದು ತಿಳಿದಾಗ ಶಂಭುಲಿಂಗಯ್ಯನವರ ಮುಖ ಅರಳಿತು. ಚೆನ್ನಾಗಿ ಕೊಡವುವ ಗೂಳಿಯನ್ನು ಯಾರೂ ಕಟುಕರಿಗೆ ಕೊಡುವುದಿಲ್ಲ, ಮುದಿಯಾದ ಮೇಲೂ ಹುಲ್ಲುಗಾವಲಿನಲ್ಲಿ ಬಿಟ್ಟಿರುತ್ತಾರೆ ಎಂದು ಹಾರ್ಲನ್ ಡಾರ್ಲಾಳಿಂದ ಹೇಳಿಸಿದ.

"ಹಂಗಾದ್ರ ಇವನೊಬ್ಬನರ ಉಳೀತಾನ" ಎಂದು ಅಯ್ಯನವರು ಅಂದೇ ತೀರ್ಮಾನಿಸಿಬಿಟ್ಟರು.

ಶನಿವಾರ ಹಾರ್ಲನ್ ಕಾಫಿಗೆ ಹೋದ ಸಮಯ ನೋಡಿ ಅವರು ಕಟಕಟೆಯ ಸಂದಿಯಲ್ಲಿ ಕೈ ತೂರಿಸಿ, "ನಂದೀಶ, ನೂರು ವರ್ಷ ಬಾಳಪ್ಪ" ಎಂದು ಗೂಳಿಯ ಹಣೆಗೆ ಧಾರಾಳವಾಗಿ ವಿಭೂತಿ ಬಳಿದರು. ಗೂಳಿ ಸೀನಿತು.

ಆಮೇಲೆ ಬಾಗಿಲು ತೆರೆದಾಗ ಲಿಟಲ್ ಮಿಸ್ಟೇಕ್ ನಿಧಾನವಾಗಿ ಮೈದಾನದ ನಡುವಿಗೆ ನಡೆದುಬಂದು, ಕಾಶಿಯ ಗೋದೌಲಿಯಾ ಚೌಕದ ಗೂಳಿಯಂತೆ ಅಲ್ಲಾಡದೆ ನಿಂತುಕೊಂಡಿತು. ಸವಾರ ಕೂತೇ ಇದ್ದ. ಕೊನೆಗೆ ನಾಚಿಕೆಯಾಗಿ ತಾನೇ ಇಳಿದ.

ಹಾರ್ಲನ್ ಗೂಳಿಯ ಹಣೆ ನೋಡಿದ. ನಂತರ ಶಂಭುಲಿಂಗಯ್ಯನವರ ಹಣೆ ನೋಡಿದ. ಮುಖ ಕೆಂಪಗೆ ಮಾಡಿಕೊಂಡು, ಟೋಪಿಯನ್ನು ನೆಲಕ್ಕೆಸೆದು, ಬಹಳ ಹೊತ್ತು ಕೂಗಾಡಿದ.

"ಏನಂತಾರವ್ವ?"

"ಮಾವನವರು ತಮ್ಮ ವಿಷಯದಲ್ಲಿ ಕಿಂಚಿತ್ ಅಸಮಾಧಾನಗೊಂಡಿದ್ದಾರೆ" ಎಂದಳು ಡಾರ್ಲಾ.

ಮದ್ದೇನಾದರೂ ಹಾಕಿದ್ದಾರೋ ಎಂದು ದನದ ಡಾಕ್ಟರನ್ನು ಕರೆಸಿದರು. ಅವನು ವಿಭೂತಿ ಮೂಸಿದ, ಚಿಟಿಕೆ ನಾಲಿಗೆಗೆ ಹಾಕಿಕೊಂಡು ಚಪ್ಪರಿಸಿದ. ಯಾವುದರಿಂದ ಮಾಡಿದ್ದೆಂದು ಆಮೇಲೆ ಕೇಳಿದ. ಸುಟ್ಟ ಸಗಣಿ ಎಂದು ಡಾರ್ಲಾ ಹೇಳುತ್ತಿದ್ದಂತೆ ಬೇಲಿಯಾಚೆ ಓಡಿದ. ಅಲ್ಲಿಂದಲೇ, ಗೂಳಿಗೆ ಏನೂ ಆಗಿಲ್ಲ, ಬರೀ ಸೆಖೆ ಎಂದು ಕೂಗಿ ಹೇಳಿದ. ನಾಳೆಯೂ ಹೀಗೇ ನಿಂತರೆ ಇದನ್ನು ಕಟುಕರಿಗೆ ಮಾರಿಬಿಡುತ್ತೇನೆ ಎಂದ ಹಾರ್ಲನ್.

ಆ ಮಾತು ಕೇಳಿ ಶಂಭುಲಿಂಗಯ್ಯನವರು, "ಉಳಸಾಕ ಹೋಗಿ ನಾನ ಕೊಂದ್ನಲ್ಲವ್ವಾ!" ಎಂದು ಹುಲ್ಲಿನ ಮೇಲೆ ಕೂತುಬಿಟ್ಟರು.

ಭಾನುವಾರ ಬೆಳಿಗ್ಗೆ ಮಂಟಪದಲ್ಲಿ ವಿಭೂತಿಯ ತಟ್ಟೆ ಕಂಡೊಡನೆ ಹಾರ್ಲನ್ ಎದ್ದು ಮಗನಿಗೆ ಅಡ್ಡ ನಿಂತ. ಡಾರ್ಲಾ ತಲೆ ತಗ್ಗಿಸಿ ಅನುವಾದಿಸಿದಳು: "ಇದರ ಸ್ಪರ್ಶಮಾತ್ರದಿಂದ ಅಂತಹ ಗೂಳಿಯೇ ನಿಷ್ಕ್ರಿಯವಾಯಿತು. ನನ್ನ ಪುತ್ರನ ಗತಿಯೇನೆಂದು ಕೇಳುತ್ತಿದ್ದಾರೆ."

ಶಂಭುಲಿಂಗಯ್ಯನವರು ಎದೆ ಸೆಟೆದು ನಿಂತರು. "ಅವ್ರಿಗೆ ಹೇಳವ್ವ, ನಾ ಹುಡುಗ ಇದ್ದಾಗಿಂದ ದಿನಾ ಹಚ್ಚಿಕೊಳ್ತೀನಿ. ನನಗ ಐದು ಮಕ್ಕಳು!"

ಡಾರ್ಲಾ ಹೇಳಿದಳು. ಮೊದಲು ನಕ್ಕವನು ಹಾರ್ಲನ್ನೇ. ನಗುತ್ತಲೇ ಪಕ್ಕಕ್ಕೆ ಸರಿದ. ಮದುವೆ ನಡೆಯಿತು. ಅಯ್ಯನವರ ಮಂತ್ರದ ದನಿಗೆ ಹೊರಗಿದ್ದ ಕುದುರೆಗಳು ಕಿವಿ ನಿಮಿರಿಸಿ ನಿಂತಿದ್ದವು.

ಊಟಕ್ಕೂ ನಿಲ್ಲದೆ ಅಯ್ಯನವರು ಒದ್ದೆ ಬಟ್ಟೆ ಹಿಡಿದು ಕಟಕಟೆಯ ಬಳಿ ಹೋದರು. ಗೂಳಿಯ ಹಣೆ ಒರೆಸಿ, ಅದರ ಕಿವಿಯ ಹತ್ತಿರ, "ತಂದೆ, ಶಾಂತಿ ಸಾಕು. ಇವತ್ತು ಹುಚ್ಚೇಳು" ಎಂದು ಬೇಡಿಕೊಂಡರು. ಅದು ಅವರ ಶಾಲಿನ ಅಂಚನ್ನು ಕಚ್ಚಿ ಎಳೆಯಿತು. ತಿರುಗಿ ಎಳೆಯುವ ಧೈರ್ಯ ಬರದೆ ಅವರು ಶಾಲನ್ನು ಅದಕ್ಕೇ ಬಿಟ್ಟುಕೊಟ್ಟರು.

ಆ ಮಧ್ಯಾಹ್ನ ಲಿಟಲ್ ಮಿಸ್ಟೇಕ್ ಮೂರು ಜಿಗಿತಕ್ಕೆ ಸವಾರನನ್ನು ಬೇಲಿಯ ಮೇಲೆ ನೇತುಹಾಕಿತು. ಅಲ್ಲಿಗೆ ನಿಲ್ಲದೆ ಬಿದ್ದವನ ಟೋಪಿ ತುಳಿದು ಗೂಳಿಯ ಗಮನ ಸೆಳೆಯಲು ನಿಂತಿದ್ದ ಕೋಡಂಗಿಯನ್ನು ಅವನ ಪೀಪಾಯಿಯೊಳಗೆ ಓಡಿಸಿತು. "ಹರ ಹರ" ಎಂದದ್ದು ಈಗ ಇಡೀ ಮೈದಾನ. ಶಂಭುಲಿಂಗಯ್ಯನವರು ಮಾತ್ರ ಅಳುತ್ತಿದ್ದರು.

ಕಾಶಿಗೆ ಮರಳಿ ಇದನ್ನೆಲ್ಲ ಹೇಳಿದರೆ ತಾರಾದೇವಿ, "ಅಷ್ಟು ದೂರ ಹೋಗಿ ಸಾಂಡ್ ನೋಡಿ ಬಂದ್ರಾ? ಇಲ್ಲೇ ಗಲ್ಲಿಗೊಂದು ಗೂಳಿ ಅದ" ಎಂದು ರೊಟ್ಟಿ ತಟ್ಟುತ್ತಲೇ ಇದ್ದರು.

ಮರುವರ್ಷ ಶಿವರಾತ್ರಿಗೆ ಡಾರ್ಲಾ ಗಂಡನೊಡನೆ ಬಂದು ಅಯ್ಯನವರ ಕಿವಿಯಲ್ಲಿ ಏನೋ ಹೇಳಿದಳು. ಅವರು ಆ ನಿಮಿಷವೇ ಹೊರಗೋಡಿ ಪೇಡೆಯ ಬುಟ್ಟಿ ಹೊತ್ತು ತಂದು ಮಠದಲ್ಲೆಲ್ಲ ಹಂಚಿದರು. ಎಲ್ಲರೂ ಡಾರ್ಲಾಳ ಕೈ ಹಿಡಿದು ಅಭಿನಂದಿಸತೊಡಗಿದರು. ತಾರಾದೇವಿಯಂತೂ ಅವಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಲು ಅಕ್ಕಿ ಹುಡುಕಿದರು.

"ಏ, ಅಕೀಗಲ್ಲ!" ಎಂದರು ಶಂಭುಲಿಂಗಯ್ಯನವರು, ಪೇಡೆ ತುಂಬಿದ ಬಾಯಲ್ಲಿ. "ನಮ್ಮ ಗೂಳೀಗೆ ಮಗಾ ಹುಟ್ಟ್ಯಾನ!"