ಕಿವಿಗೆ ಕೀವು ಬಂದ ಬೆಳಿಗ್ಗೆ

ಮೊಮ್ಮಗಳ ಕಿವಿ ಚುಚ್ಚಿಸುವ ಮಾತು ಬಂದಾಗ ನಮ್ಮ ಮನೆಯಲ್ಲಿ ಯಾರಿಗೂ ತುತ್ತು ಇಳಿಯಲಿಲ್ಲ. ಬೇರೆಯವರಿಗೆ ಅದು ಬೆಲ್ಲ ಹಂಚುವ ಕೆಲಸ. ನಮಗೆ ಸಣ್ಣ ಗಾಯ ಅಂದರೂ ಹೆದರಿಕೆ.

ಯಾಕೆಂದರೆ ಮೊದಲ ಮೊಮ್ಮಗನನ್ನು ನೋಡಿದ್ದೆವಲ್ಲ. ಮಗಳನ್ನು ನನ್ನ ಸ್ವಂತ ತಮ್ಮನಿಗೇ ಕೊಟ್ಟಿದ್ದೆವು, ನಮ್ಮಲ್ಲಿ ಅದು ರೂಢಿ. ಅವರಿಗೆ ಹುಟ್ಟಿದ ಆ ಮೊದಲ ಹುಡುಗನ ಹೊಕ್ಕುಳ ಬಳ್ಳಿ ತಿಂಗಳು ದಾಟಿದರೂ ಉದುರಲಿಲ್ಲ. ಗಟ್ಟಿ ಆಯುಷ್ಯದ ಗುರುತು ಎಂದಳು ಸೂಲಗಿತ್ತಿ. ನಾವು ಹಿಗ್ಗಿದೆವು. ಮೈಮೇಲೆ ಹುಣ್ಣಾದರೆ ಕೆಂಪಾಗಿ ಒಳಗೇ ಕೊರೆಯುತ್ತಿತ್ತು, ಕೀವು ಮಾತ್ರ ಆಗುತ್ತಿರಲಿಲ್ಲ. ಎಂಥ ಶುದ್ಧ ರಕ್ತ ಎಂದುಕೊಂಡೆವು. ಒಮ್ಮೆ ಹುಣ್ಣಿನಿಂದ ಜ್ವರ ಏರಿತು. ಸೇಡಂನಲ್ಲಿ ರೈಲು ಹತ್ತಿ ಹೈದರಾಬಾದಿನ ದೊಡ್ಡ ದವಾಖಾನೆ ಮುಟ್ಟುವಷ್ಟರಲ್ಲಿ ಜ್ವರ ಎದೆಗೆ ಇಳಿದಿತ್ತು. ಅವನು ಉಳಿಯಲಿಲ್ಲ.

ಅಲ್ಲಿಯ ಡಾಕ್ಟರು ಉರ್ದು, ಕನ್ನಡ ಬೆರೆಸಿ ತಿಳಿಹೇಳಿದರು. ನಾನು ಮೂರನೆಯ ಇಯತ್ತೆವರೆಗೆ ಮಾತ್ರ ಶಾಲೆ ಕಲಿತವಳು, ಆದರೂ ಅರ್ಥವಾಯಿತು. ರಕ್ತದಲ್ಲಿ ಬಿಳಿ ಕಣಗಳಿರುತ್ತವಂತೆ. ಗಾಯವಾದಲ್ಲಿ ಅವು ರಕ್ತನಾಳದ ಗೋಡೆಗೆ ಅಂಟಿ, ಅದನ್ನು ದಾಟಿ, ಹೊರಗಿನ ಕ್ರಿಮಿಗಳ ಜೊತೆ ಬಡಿದಾಡುತ್ತವಂತೆ. ಅಲ್ಲಿ ಬಿದ್ದು ಸತ್ತ ಕಣಗಳೇ ಕೀವು. ನಮ್ಮ ಕೂಸಿಗೆ ಕಣಗಳು ಬೇಕಾದಷ್ಟಿದ್ದವು, ಗೋಡೆಗೆ ಅಂಟಲಾರದೆ ರಕ್ತದಲ್ಲೇ ಸುತ್ತುತ್ತಿದ್ದವು. ತಾಯಿ ತಂದೆ ಇಬ್ಬರಿಂದಲೂ ಆ ಕೊರತೆ ಬಂದರೆ ಹೀಗಾಗುತ್ತದೆ, ಮುಂದಿನ ಕೂಸಿಗೆ ಬರಬಹುದು, ಬರದೆಯೂ ಇರಬಹುದು ಎಂದರು.

ಮುಂದಿನದು ಹೆಣ್ಣು ಕೂಸು. ನೀರು ಎರೆಯಲು ಕಾಲ ಮೇಲೆ ಹಾಕಿಕೊಂಡಾಗಲೆಲ್ಲ ನನ್ನ ಕಣ್ಣು ಹೊಕ್ಕುಳದ ಮೇಲೆಯೇ. ಬಳ್ಳಿ ತನ್ನ ಹೊತ್ತಿಗೆ ಉದುರಿತು. ಡಾಕ್ಟರು ರಕ್ತ ನೋಡಿ, ಲಕ್ಷಣ ಒಳ್ಳೆಯದೇ, ಆದರೆ ಒಂದು ಗಾಯ ಹೇಗೆ ಮಾಯುತ್ತದೆ ನೋಡದೆ ಖಾತ್ರಿ ಕೊಡಲಾರೆ ಎಂದರು. ಆ ಮಾತು ನನ್ನನ್ನು ಕೂತಲ್ಲಿ ಕೂಡಲು ಬಿಡಲಿಲ್ಲ. ಕೂಸು ಪರಸಿ ಕಲ್ಲು ಹಾಸಿದ ನೆಲದಲ್ಲಿ ಅಂಬೆಗಾಲಿಟ್ಟರೆ ಬೆನ್ನಿಗೇ ನಾನು. ಸೊಳ್ಳೆ ಕಚ್ಚಿದರೂ ಬಾಗಿಲಿಗೆ ಎತ್ತಿಕೊಂಡು ಹೋಗಿ ಬೆಳಕಿನಲ್ಲಿ ನೋಡುತ್ತಿದ್ದೆ.

ಕಿವಿ ಚುಚ್ಚಿಸುವುದೇ ಬೇಡ ಎಂದ ಕೂಸಿನ ಅಪ್ಪ, ನನ್ನ ತಮ್ಮ. ಮಗಳು ಒಪ್ಪಲಿಲ್ಲ.

"ಎಷ್ಟ ದಿನಾ ಅರಳ್ಯಾಗ ಸುತ್ತಿ ಇಡ್ತೀರಿ? ನಾಳಿ ನಡ್ಯಾಕತ್ತಿದ್ರ ಬೀಳಂಗಿಲ್ಲೇನು? ಏನದ ಅನ್ನೋದು ಗೊತ್ತರ ಆಗ್ಲಿ."

ಅವನು ನನ್ನ ಕಡೆ ತಿರುಗಿದ. "ಅಕ್ಕಾ, ನೀ ಆಕಿ ಅವ್ವನೋ, ನನ್ನ ಅಕ್ಕನೋ, ಮೊದಲ ಅದನ್ನ ಹೇಳು."

"ನಾ ಈ ಕೂಸಿನ ಆಯಿ," ಎಂದೆ. ಅಜ್ಜಿಯಾಗಿ ಮಗಳ ಮಾತಿಗೇ ಒಪ್ಪಿ, ಚಿನ್ನದ ಕೆಲಸದ ಪತ್ತಾರನಿಗೆ ಹೇಳಿ ಕಳಿಸಿದೆ.

ಪತ್ತಾರ ಬಂದು ಚಿನ್ನದ ತಂತಿ ಚುಚ್ಚಿ ಹೋದ. ಮರುದಿನ ಒಂದು ಕಿವಿ ಕೆಂಪಾಯಿತು, ಆಮೇಲೆ ಬಾತಿತು. ತೀರಿಹೋದ ಹುಡುಗನ ಹುಣ್ಣುಗಳೂ ಹೀಗೇ ಶುರುವಾಗಿದ್ದವು. ತಮ್ಮ ನನ್ನ ಜೊತೆ ಮಾತು ಬಿಟ್ಟು ಹೈದರಾಬಾದಿಗೆ ಚೀಲ ತುಂಬಿದ. ಹೊರಡುವ ಮುಂಜಾನೆ ಬಿಸಿನೀರಿನ ಅರಿವೆಯಿಂದ ಕಿವಿ ಒರೆಸಿದೆ. ಅರಿವೆಗೆ ಹಳದಿ ಹತ್ತಿತ್ತು.

"ಕೀವ ಬಂದದ," ಎಂದು ಕೂಗಿದೆ.

"ಕಿವಿಗೆ ಏನಾತಬೇ?" ಮಗಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಕಿವಿ ಅಲ್ಲಬೇ, ಕೀವ. ನೋಡಿಲ್ಲಿ."

ಅವಳು ಅರಿವೆ ಕಸಿದುಕೊಂಡು ಬಾಗಿಲ ಬೆಳಕಿಗೆ ಹಿಡಿದಳು: ಈ ಕೂಸಿನ ಕಣಗಳು ಗೋಡೆ ದಾಟಿದ್ದವು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಅಷ್ಟರಲ್ಲಿ ಪತ್ತಾರ ವಿಚಾರಿಸಲು ಬಂದ. ಕೂಸಿನ ಕಿವಿ ನೋಡಿ ಅವನ ಮುಖ ಸಣ್ಣದಾಯಿತು. ತಂತಿ ಸ್ವಚ್ಛವಾಗಿಯೇ ಇತ್ತು ಎಂದು ತೊದಲಿದ.

"ಕುಂದ್ರಿ, ಚಾ ಕುಡದೇ ಹೋಗ್ಬೇಕು," ಎಂದೆ. ಪಾಪ, ಈ ಮುದುಕಿ ಯಾವಾಗ ಬೈಯುತ್ತಾಳೋ ಎಂದು ಬಾಗಿಲು ನೋಡುತ್ತಲೇ ಕುಡಿದ.

ಕೆಲವೇ ದಿನದಲ್ಲಿ ಬಾವು ಇಳಿಯಿತು, ಕಿವಿ ಚೆನ್ನಾಗಿ ಮಾಯಿತು. ಹೈದರಾಬಾದಿಗೆ ಹೋಗಿ ತೋರಿಸಿದಾಗ, ಇನ್ನು ಬರುವುದು ಬೇಡ ಎಂದರು ಡಾಕ್ಟರು. ಊರಿಗೆ ಬಂದವಳೇ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಮನೆಮನೆಗೆ ಹೋಗಿ, ನಮ್ಮ ಕೂಸಿಗೆ ಕೀವಾಗಿತ್ತು ಎಂದು ಹೇಳಿದೆ. ಹೆಂಗಸರು ಮುಖ ಮುಖ ನೋಡಿಕೊಂಡರು. ನನಗೆ ನಿಂತು ಬಿಡಿಸಿ ಹೇಳುವಷ್ಟು ಸಮಾಧಾನ ಎಲ್ಲಿತ್ತು, ಇನ್ನೂ ಅರ್ಧ ಓಣಿ ಉಳಿದಿತ್ತು.