ಮಾವ್ಶಿಯ ಪಕ್ಕದ ಜಾಗ

ಮದುವೆಯ ಊಟ ಮನೆಯಂಗಳದ ಚಪ್ಪರದಲ್ಲೇ ಆಗುತ್ತಿದ್ದ ಕಾಲ ಅದು. ಹಾಲ್ ಬುಕ್ ಮಾಡಿ, ಅಡುಗೆಯನ್ನು ಕೇಟರಿಂಗಿನವರಿಗೆ ವಹಿಸಿ, ಮನೆಯವರೇ ನೆಂಟರ ಹಾಗೆ ಹೋಗಿ ಕುರ್ಚಿಯಲ್ಲಿ ಕೂರುವ ಪದ್ಧತಿ ಆಗ ನಮ್ಮ ಕಡೆಗೆ ಬಂದಿರಲಿಲ್ಲ. ಮದುವೆಗೆ ವಾರಗಳಿರುವಾಗಲೇ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದುಬಿಡುತ್ತಿದ್ದರು. ಅಂಥ ಮನೆಯಲ್ಲಿ ರಜೆ ಕಳೆದವರಿಗೆ ಆ ವಾಸನೆ ಮರೆತಿರಲಾರದು. ಗೋಡೆಗೆ ಬಳಿದ ಹೊಸ ಸುಣ್ಣ, ಚಪ್ಪರದ ಹಸಿ ತೆಂಗಿನ ಗರಿ, ಮಸಾಲೆಗೆ ಹುರಿಯುವ ಕೊತ್ತಂಬರಿ, ಇವೆಲ್ಲದರ ಅಡಿಯಲ್ಲಿ ಗುಡ್ಡೆಯಿಂದ ಬರುವ ಗೇರುಹಣ್ಣಿನ ಹುಳಿ.

ನಾನು ಹೇಳಹೊರಟಿರುವುದು ಅಜೆಕಾರಿನ ಅಜ್ಜಿಮನೆಯಲ್ಲಿ ಕಳೆದ ಒಂದು ಬೇಸಿಗೆ ರಜೆಯ ಸಂಗತಿ. ನಾವಿದ್ದದ್ದು ಕಾಪುವಿನಲ್ಲಿ. ನನಗಾಗ ಎಂಟು ವರ್ಷ. ಮದುವೆ ನನ್ನ ಸಿಸಿಲಿ ಮಾವ್ಶಿಯದ್ದು. ಮಾವ್ಶಿ ಎಂದರೆ ಅಮ್ಮನ ತಂಗಿ. ನಮ್ಮ ಮನೆಮಾತು ಕೊಂಕಣಿ, ಅಲ್ಲಿ ಆಡಿದ್ದನ್ನು ಇಲ್ಲಿ ನನಗೆ ಬರುವ ಕನ್ನಡದಲ್ಲಿ ಹೇಳುತ್ತಿದ್ದೇನೆ.

ನಾನು ಕಪ್ಪು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪರ್ಕಳದಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ, ಯಾರ ಸಹಾಯವೂ ಇಲ್ಲದೆ ಕಟ್ಟಿದ್ದು. ಮಾಲಿನ ಬಣ್ಣವನ್ನು ಮೊದಲೇ ಸರಿಯಾಗಿ ಹೇಳಿದರೆ ಆಮೇಲೆ ತಕರಾರು ಬರುವುದಿಲ್ಲ ಎನ್ನುವುದು ಅಲ್ಲಿ ಕಲಿತದ್ದು.

ಅಜ್ಜಿಮನೆಯಲ್ಲಿ ನನ್ನನ್ನು ‘ಕಾಳೆಂ’ ಎನ್ನುತ್ತಿದ್ದರು. ಕಪ್ಪು ಹುಡುಗಿ ಎಂದಷ್ಟೇ ಅರ್ಥ. ಮಾಮನ ಮಗಳು ಲವೀನಾ ನನ್ನ ವಯಸ್ಸಿನವಳೇ, ಅವಳು ‘ಗೊರೆಂ’, ಬಿಳಿ ಹುಡುಗಿ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಇರಲಿಲ್ಲವೇನೋ. ಆದರೆ ಅಂಗಳದಲ್ಲಿ ಒಣಹಾಕಿದ ಹಪ್ಪಳಕ್ಕೆ ಕಾಗೆ ಬಂದರೆ ಓಡಿಸಲು ಕಾಳೆಂ ಬೇಕು, ನೆಂಟರು ಬಂದರೆ ಶರಬತ್ತಿನ ತಟ್ಟೆ ಹಿಡಿಯಲು ಗೊರೆಂ ಬೇಕು. ಲವೀನಾ ಬಿಸಿಲಿಗೆ ಕಾಲಿಟ್ಟರೆ ಮಾಮಿ ಒಳಗಿನಿಂದಲೇ ಕೂಗಿ ಕರೆಯುತ್ತಿದ್ದರು. ನಾನು ಮಧ್ಯಾಹ್ನವೆಲ್ಲ ಬಿಸಿಲಲ್ಲಿದ್ದರೂ ಯಾರೂ ಕರೆಯುತ್ತಿರಲಿಲ್ಲ. ಇವಳಿಗೆ ಇನ್ನು ಹಾಳಾಗುವುದಕ್ಕೆ ಏನಿದೆ ಎಂಬಂತೆ.

ಸಿಸಿಲಿ ಮಾವ್ಶಿಯೂ ಕಪ್ಪು. ಅಷ್ಟು ದೊಡ್ಡ ಮನೆಯಲ್ಲಿ ನಾವಿಬ್ಬರೇ. “ನಾವಿಬ್ಬರು ಒಂದು ಪಾರ್ಟಿ” ಎಂದು ಅವಳು ಹೇಳುತ್ತಿದ್ದಳು. ಪೇರಳೆಹಣ್ಣು ಕೊಯ್ದರೆ ಉಪ್ಪು ಮೆಣಸಿನಪುಡಿ ಸವರಿ ಅರ್ಧ ನನಗೆ. ಸಂಜೆ ನನ್ನನ್ನು ಮೊಣಕಾಲ ನಡುವೆ ಕೂರಿಸಿಕೊಂಡು ತಲೆ ಬಾಚುವುದು ಅವಳೇ, ಬೇರೆಯವರು ಬಾಚಲು ಬಂದರೆ ನಾನು ಬಿಡುತ್ತಿರಲಿಲ್ಲ. ಮೀನಿನವಳು ಬುಟ್ಟಿ ಇಳಿಸಿದಾಗ ಮಾವ್ಶಿಯ ಚೌಕಾಸಿ ನೋಡುವುದೇ ನನಗೊಂದು ಆಟ. ಅಂಜಲ್ ಬೇಕಿದ್ದರೆ ಬಂಗುಡೆಯ ಬೆಲೆ ಕೇಳುತ್ತಿದ್ದಳು. ಬಂಗುಡೆಯ ಮೇಲೆ ಎಳೆದಾಡಿ ಸಾಕಾಗಿ ಎದ್ದವಳ ಹಾಗೆ ಎದ್ದು, ಹೋಗುವಾಗ ಸುಮ್ಮನೆ ಎಂಬಂತೆ ಅಂಜಲಿನ ಕಡೆ ಕೈ ತೋರಿಸುತ್ತಿದ್ದಳು. “ಬೇಕಾದದ್ದನ್ನು ಮುಖದಲ್ಲಿ ತೋರಿಸ್ಬೇಡ ಬಾಯೆ. ತೋರಿಸಿದ್ರೆ ರೇಟು ಏರ್ತದೆ” ಎಂದು ನನಗೆ ಪಾಠವನ್ನೂ ಹೇಳುತ್ತಿದ್ದಳು. ಇವತ್ತು ನಾನು ಸೂರತ್ತಿನ ಏಜೆಂಟರ ಎದುರು ಕೂತು ವ್ಯಾಪಾರ ಮಾಡುವುದು ಆ ಪಾಠದ ಬಲದಲ್ಲೇ.

ಅವಳಿಗೆ ಮದುವೆ ಕೂಡಿಬರಲು ತಡವಾಗಿತ್ತು. ಜನ ಬರುತ್ತಿದ್ದರು, ಬಿಸ್ಕಿಟು ತಿನ್ನುತ್ತಿದ್ದರು, ಹುಡುಗಿ ಒಳ್ಳೆಯವಳು ಆದರೆ ಎನ್ನುತ್ತಿದ್ದರು. ಆ ಆದರೆಯ ಮುಂದಿನದ್ದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕೊನೆಗೆ ಕುವೈತಿನಲ್ಲಿದ್ದ ಒಬ್ಬರು ಬಂದು ನೋಡಿ ಒಪ್ಪಿದರು. ಅಜ್ಜಿ ಆ ದಿನ ದೇವರ ಪೀಠದ ಮುಂದೆ ಮೊಣಕಾಲೂರಿ ಕೂತವರು ಎದ್ದದ್ದೇ ಊಟದ ಹೊತ್ತಿಗೆ.

ನಮ್ಮಲ್ಲಿ ಮದುಮಗಳ ಮುಂದೆ ಹೂವಿನ ಬುಟ್ಟಿ ಹಿಡಿದು ಇಗರ್ಜಿಯೊಳಗೆ, ಅಂದರೆ ಚರ್ಚಿನೊಳಗೆ, ನಡೆಯಲು ಒಬ್ಬ ಪುಟ್ಟ ಹುಡುಗಿ ಬೇಕು. ಫ್ಲವರ್ ಗರ್ಲ್ ಎನ್ನುತ್ತೇವೆ. ಬಿಳಿ ಫ್ರಾಕು, ಬಿಳಿ ಕಾಲುಚೀಲ, ತಲೆಗೆ ಬಿಳಿ ಹೂವಿನ ಬಳೆ. ಕುಟುಂಬದ ಯಾವ ಮದುವೆಯಾದರೂ ಅದು ಲವೀನಾಳೇ, ಕೇಳುವ ಪ್ರಶ್ನೆಯೇ ಇಲ್ಲ. ನನಗೆ ಎಷ್ಟು ಆಸೆ ಇತ್ತೆಂದರೆ ಅದರ ಬಗ್ಗೆ ಮಾತೇ ಆಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಎಲ್ಲರೂ ಹಲಸಿನಹಣ್ಣು ಬಿಡಿಸುತ್ತಿದ್ದಾಗ ಮಾವ್ಶಿ ತಲೆ ಎತ್ತದೆ, ಹೂ ಹಿಡಿಯುವುದು ಇವಳು ಎಂದು ನನ್ನತ್ತ ಗಲ್ಲ ತೋರಿಸಿದಳು. ಅಜ್ಜಿಯ ಕೈ ನಿಂತಿತು.

“ಲವೀನಾ ಇರುವಾಗ ಇವಳೆಂತಕ್ಕೆ? ಗಂಡಿನ ಕಡೆಯವರು ಎಂತ ಹೇಳಿಯಾರು?”

“ಮದುವೆ ನನ್ನದಲ್ವಾ? ನನ್ನ ಪಕ್ಕದಲ್ಲಿ ಇವಳೇ ಇರ್ಬೇಕು.”

ಮಾಮಿ ಏನೋ ಗೊಣಗಿದರು. ಅಮ್ಮ ನನ್ನನ್ನು ನೋಡಿದವಳು ಮತ್ತೆ ಹಲಸಿನ ಸೊಳೆ ನೋಡಿದಳು. ಮಾವ್ಶಿ ಮಾತ್ರ ಪಟ್ಟು ಸಡಿಲಿಸಲಿಲ್ಲ. ಅಂಟಾದ ಕೈಯನ್ನು ಹಾಗೇ ಹಿಡಿದುಕೊಂಡು ನಾನು ಅಂಗಳಕ್ಕೆ ಓಡಿದೆ. ಲೋಕದಲ್ಲಿ ನನ್ನನ್ನು ಆರಿಸಿಕೊಂಡವರು ಒಬ್ಬರಿದ್ದಾರೆ ಎಂದು ಗೊತ್ತಾದ ದಿನ ಅದು. ಆ ಸಂತೋಷಕ್ಕೆ ಸಮನಾದದ್ದು ಮತ್ತೆ ನನಗೆ ಸಿಕ್ಕಿಲ್ಲ. ಅಂಗಡಿಯ ಬಾಗಿಲು ತೆರೆದ ದಿನವೂ ಇಲ್ಲ.

ಫ್ರಾಕಿನ ಬಟ್ಟೆಗೆ ಉಡುಪಿಗೆ ಹೋದೆವು. ಮಾವ್ಶಿ, ನಾನು, ಹಟ ಮಾಡಿ ಹೊರಟ ಲವೀನಾ. ಮಣಿಪಾಲದಲ್ಲಿ ಎತ್ತರದ ಒಬ್ಬ ಆಫ್ರಿಕಾದ ವಿದ್ಯಾರ್ಥಿ ಬಸ್ಸು ಹತ್ತಿದ. ಲವೀನಾ ಮೊಣಕೈಯಿಂದ ತಿವಿದು, “ನೋಡು, ನೀಗ್ರೊ. ನಿನ್ನ ಅಣ್ಣ ಬಂದ” ಎಂದಳು. ಹಿಂದಿನ ಸೀಟಿನವರೂ ನಕ್ಕರು. ಆತನಿಗೆ ಮಾತು ಕೇಳಿಸಿರಲಿಲ್ಲ, ಮಕ್ಕಳು ನಗುತ್ತಿದ್ದಾರೆಂದು ತಾನೂ ನಕ್ಕ. ಮಾವ್ಶಿ ಲವೀನಾಳ ಕಿವಿ ಹಿಂಡಿ ನನ್ನನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಉಡುಪಿ ಬರುವವರೆಗೂ ಇಳಿಸಲಿಲ್ಲ.

ಮನೆಯಲ್ಲಿ ದಿನಾ ಬೆಳಿಗ್ಗೆ ಮಾಮಿ ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ ಕಲಸಿ ಮಾವ್ಶಿಯ ಮುಖಕ್ಕೆ, ತೋಳಿಗೆ ಬಳಿಯುತ್ತಿದ್ದರು. ನಾನೂ ಹೋಗಿ ಮುಖ ಒಡ್ಡಿ ಕೂತೆ. ಮಾವ್ಶಿ ಬಟ್ಟಲನ್ನು ಆಚೆ ಸರಿಸಿ, “ನಿನಗೆ ಇದೆಲ್ಲ ಎಂತಕ್ಕೆ? ನೀನು ಇದ್ದ ಹಾಗೇ ಚಂದ” ಎಂದಳು. ಆ ಮಾತನ್ನು ನಾನು ಹಾಸಿಗೆಯಲ್ಲಿ ಮಲಗಿ ಮತ್ತೆ ಮತ್ತೆ ಹೇಳಿಕೊಂಡೆ.

ಮದುವೆಯ ಹಿಂದಿನ ಸಂಜೆ ರೋಸ್. ಮದುಮಗಳನ್ನು ಕೂರಿಸಿ ಹಾಡು ಹೇಳುತ್ತ ತಲೆಗೂ ಮುಖಕ್ಕೂ ತೆಂಗಿನ ಹಾಲು ಸುರಿದು ಹರಸುವ ಶಾಸ್ತ್ರ ಅದು. ಸುರಿದು ಸವರಿದರೆ ಸಾಕು. ಆದರೆ ನಮ್ಮ ಹೆಂಗಸರು ಅಂದು ತಪ್ಪಲೆ ಉಜ್ಜುವವರ ಹಾಗೆ ಉಜ್ಜಿದರು. ಇನ್ನೂ ಸ್ವಲ್ಪ, ಕುತ್ತಿಗೆಗೂ ಸ್ವಲ್ಪ ಎಂದು ಅಜ್ಜಿ ಪಿಸುಗುಡುತ್ತಿದ್ದರು. ಮಾವ್ಶಿ ಕಣ್ಣು ಮುಚ್ಚಿಕೊಂಡಿದ್ದಳು. ರೆಪ್ಪೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು. ನನಗೆ ಅಳು ಬಂತು. ನಾಳೆ ನಾನು ಇವಳ ಜೊತೆ ನಿಲ್ಲುತ್ತೇನಲ್ಲ, ಆಗ ಇವಳಿಗೆ ಧೈರ್ಯ ಬರುತ್ತದೆ ಎಂದುಕೊಂಡೆ.

ಮರುದಿನ ಇಗರ್ಜಿಯೊಳಗೆ ನಾನು ಚೆನ್ನಾಗಿಯೇ ನಡೆದೆ. ಪೂಜೆ ಮುಗಿದು ಹೊರಗೆ ಮೆಟ್ಟಿಲ ಮೇಲೆ ಫೋಟೋ. ಫೋಟೋದವರು ಕಾರ್ಕಳದಿಂದ ಬಂದವರು, ಅವರೊಡನೆ ಮಾತೆಲ್ಲ ಕನ್ನಡದಲ್ಲಿ. ಅವರು ಕ್ಯಾಮೆರಾದಲ್ಲಿ ಕಣ್ಣಿಟ್ಟು, ತೆಗೆದು, ಮಾವ್ಶಿಯ ಹತ್ತಿರ ಬಂದರು.

“ಮಗುವನ್ನು ಸ್ವಲ್ಪ ಆಚೆ ನಿಲ್ಲಿಸುವ, ಅಲ್ವಾ? ಬಿಳಿ ಬಟ್ಟೆಯ ಎದುರು ಅವಳ ಮುಖವೇ ಬರುವುದಿಲ್ಲ. ಆ ಇನ್ನೊಂದು ಮಗು ಉಂಟಲ್ಲ, ಅವಳನ್ನು ನಿಲ್ಲಿಸಿದರೆ ಒಳ್ಳೆದಿತ್ತು.”

ನಾನು ಮಾವ್ಶಿಯ ಗೌನನ್ನು ಹಿಡಿದುಕೊಂಡೆ. ಅವಳು ನನ್ನ ಹೆಗಲ ಮೇಲೆ ಕೈಯಿಟ್ಟು ಹತ್ತಿರ ಎಳೆದುಕೊಂಡಳು. ಎಳೆದುಕೊಂಡೇ, ನಗುತ್ತ, ತಗ್ಗಿದ ದನಿಯಲ್ಲಿ ಹೇಳಿದಳು:

“ಬೇಡ ಮಾರಾಯ್ರೆ, ಇವಳು ಇಲ್ಲೇ ಇರ್ಲಿ. ಇವಳು ಪಕ್ಕದಲ್ಲಿದ್ರೆ ನಾನು ಸ್ವಲ್ಪ ಬೆಳ್ಳಗೆ ಕಾಣ್ತೇನೆ. ಅದಕ್ಕೇ ಇವಳನ್ನು ಇಟ್ಕೊಂಡದ್ದು.”

“ಒಳ್ಳೆ ತಲೆ ನಿಮ್ಮದು” ಎಂದು ಫೋಟೋದವರು ನಕ್ಕು ಹಿಂದೆ ಹೋದರು.

ಅವಳ ಕೈ ಇನ್ನೂ ನನ್ನ ಹೆಗಲ ಮೇಲಿತ್ತು. ಕೈಯ ಬಿಸಿ ಹಾಗೇ ಇತ್ತು. ನಾನು ಮುಖದಲ್ಲಿ ಏನನ್ನೂ ತೋರಿಸಲಿಲ್ಲ.

ಬಟ್ಟೆ ವ್ಯಾಪಾರಕ್ಕಿಳಿದ ಮೇಲೆ ಇದು ದಿನನಿತ್ಯದ ಕೆಲಸ ಎಂದು ತಿಳಿಯಿತು. ಕ್ರೀಮ್ ಬಣ್ಣದ ಸೀರೆಯೊಂದು ಹೋಗುತ್ತಿಲ್ಲವೆಂದರೆ ಅದರ ಕೆಳಗೆ ಕಂದು ಬಣ್ಣದ್ದೊಂದನ್ನು ಹರಡುತ್ತೇವೆ, ಮೇಲಿನದ್ದಕ್ಕೆ ಹಾಲಿನ ಕಳೆ ಬರುತ್ತದೆ. ಕಂದು ಸೀರೆಯನ್ನು ಯಾರಾದರೂ ಕೊಳ್ಳಲಿ ಎಂದಲ್ಲ. ಆದ್ದರಿಂದ ನನ್ನ ಸಲಹೆ ಕೇಳಿ, ಸೀರೆ ತೆಗೆಯುವಾಗ ಪಕ್ಕದ್ದನ್ನೆಲ್ಲ ಮಡಚಲು ಹೇಳಿ, ಒಂದನ್ನೇ ಬಾಗಿಲ ಬೆಳಕಿಗೆ ತಂದು ನೋಡಿ. ಅಂಗಡಿಯವರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ, ನಾನೂ ಪಟ್ಟುಕೊಳ್ಳುತ್ತೇನೆ.

ಮೆಟ್ಟಿಲಿಳಿದವಳೇ ಬುಟ್ಟಿಯನ್ನು ಲವೀನಾಳ ಕೈಗೆ ಕೊಟ್ಟೆ. ಅವಳು ನಂಬಲಾರದೆ, “ನಿಜವಾಗ್ಲೂ ಕೊಟ್ಟದ್ದಾ?” ಎಂದು ಕೇಳಿದಳು. ಮನೆಗೆ ಬಂದ ಮೇಲೆ ನಾನು ಹಿತ್ತಿಲಿನಲ್ಲಿ ಪಾತ್ರೆ ತೊಳೆಯುವ ಕಡೆ ಹೋಗಿ ಕೂತೆ. ಬೂದಿ, ಹಂದಿಮಾಂಸದ ಜಿಡ್ಡು, ನಿಂತ ನೀರು. ಬಿಳಿ ಕಾಲುಚೀಲ ಕೆಸರಾಯಿತು. ಸ್ವಲ್ಪ ಹೊತ್ತಿಗೆ ಅಮ್ಮ ಹುಡುಕಿಕೊಂಡು ಬಂದಳು. ನೀನಿಲ್ಲದೆ ಮಾವ್ಶಿ ಕೇಕು ಕತ್ತರಿಸುವುದಿಲ್ಲ ಎನ್ನುತ್ತಿದ್ದಾಳೆ, ನಿನ್ನ ಮೇಲೆ ಅವಳಿಗೆ ಎಷ್ಟು ಪ್ರೀತಿ ನೋಡು ಎಂದು ನನ್ನ ಮುಖ ತೊಳೆಸಿ ಕರೆದೊಯ್ದಳು. ಮತ್ತೆ ನಿಂತೆ. ಮಾವ್ಶಿಯ ಎಡಕ್ಕೆ, ಬಲಕ್ಕೆ, ಅವಳು ಎಳೆದ ಕಡೆಗೆಲ್ಲ. ಕೇಕಿನ ತುಂಡನ್ನು ಅವಳೇ ನನ್ನ ಬಾಯಿಗಿಟ್ಟಳು. ನಾನು ಅದನ್ನು ನುಂಗದೆ ಕೆನ್ನೆಯಲ್ಲೇ ಇಟ್ಟುಕೊಂಡೆ. ಆ ಫೋಟೋದಲ್ಲಿ ನನ್ನ ಕೆನ್ನೆ ಉಬ್ಬಿದೆ. ನೋಡಿದವರೆಲ್ಲ ನಗುತ್ತಾರೆ.

ಕಾಪುವಿಗೆ ಮರಳುವ ಬಸ್ಸಿನಲ್ಲಿ ಅಮ್ಮನಿಗೆ ಹೇಳಿದೆ. ಮಾವ್ಶಿ ಹೇಳಿದ್ದನ್ನು ಅಕ್ಷರ ಬಿಡದೆ ಹೇಳಿದೆ. ಅಮ್ಮನಿಗೆ ಸಿಟ್ಟು ಬರುತ್ತದೆ, ನನ್ನ ಪರವಾಗಿ ಏನಾದರೂ ಆಡುತ್ತಾಳೆ ಎಂದು ಕಾದೆ. ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು.

“ಅವಳ ಮೇಲೆ ಸಿಟ್ಟು ಮಾಡ್ಬೇಡ. ಎಷ್ಟು ಜನ ನೋಡಿ ಬಿಟ್ಟು ಹೋದ್ರು ಅವಳನ್ನು. ಒಂದು ದಿನ ಚಂದ ಕಾಣ್ಬೇಕು ಅಂತ ಅವಳಿಗೂ ಇರ್ತದಲ್ಲ. ನಿನಗೆ ಎಂತ ಹೋಯ್ತು? ಒಳ್ಳೆ ಫ್ರಾಕ್ ಸಿಕ್ಕಿತು.”

ಆ ಮಾತಿಗಿಂತ ನನಗೆ ತಾಗಿದ್ದು ಬೇರೆ. ಅಮ್ಮನಿಗೆ ಆಶ್ಚರ್ಯ ಆಗಲಿಲ್ಲ. ಹಲಸಿನ ಸೊಳೆ ಬಿಡಿಸುತ್ತಿದ್ದ ಹೊತ್ತಿನಿಂದಲೇ ಅವಳಿಗೆ ಗೊತ್ತಿತ್ತು.

ಮನೆಯಲ್ಲಿ ಹೆಣ್ಣುಮಕ್ಕಳಿರುವವರಿಗೆ ಒಂದು ಮಾತು ಹೇಳುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ. ಮಗುವನ್ನು ಕಪ್ಪು ಎಂದು ಬೈದರೆ ಅದು ನಾಲ್ಕು ದಿನ ಅತ್ತು ಮರೆಯುತ್ತದೆ. ಬಸ್ಸಿನಲ್ಲಿ ನಕ್ಕವರ ಮುಖ ನನಗೆ ನೆನಪಿಲ್ಲ. ಕಪ್ಪೆಂಬ ಕಾರಣಕ್ಕೆ ಹತ್ತಿರ ಕರೆದು ಅದಕ್ಕೆ ಪ್ರೀತಿಯ ಹೆಸರು ಕೊಟ್ಟರೆ ಅದು ಹಿಂದಕ್ಕೂ ಹೋಗಿ ಎಲ್ಲವನ್ನೂ ಕೆಡಿಸುತ್ತದೆ. ಇದ್ದ ಹಾಗೇ ಚಂದ ಎಂದದ್ದು ಏಕೆ? ಹಿಟ್ಟಿನ ಬಟ್ಟಲು ಸರಿಸಿದ್ದು ಏಕೆ? ಆ ರಜೆಯಲ್ಲಿ ಹಪ್ಪಳ ಕಾಯಲು ನನ್ನನ್ನು ಬಿಸಿಲಿಗೆ ಕಳಿಸುತ್ತಿದ್ದವರಲ್ಲಿ ಮಾವ್ಶಿಯೂ ಇದ್ದಳು. ಬೇಕೆಂದೇ ಕಳಿಸಿದಳೇ? ಅಷ್ಟು ದೂರ ಯೋಚಿಸುವವಳಲ್ಲ ಎಂದು ನಂಬಲು ಇಂದಿಗೂ ಪ್ರಯತ್ನಿಸುತ್ತೇನೆ. ಮಡಿಲಲ್ಲಿ ಕೂರಿಸಿಕೊಂಡು ಉಡುಪಿಯವರೆಗೆ ಹೋದಳಲ್ಲ, ಅದೊಂದನ್ನಾದರೂ ಉಳಿಸಿಕೊಳ್ಳೋಣ ಎಂದುಕೊಳ್ಳುತ್ತೇನೆ. ಕೆಲವು ದಿನ ಅದೂ ಉಳಿಯುವುದಿಲ್ಲ.

ಆಮೇಲಿನ ಬದುಕಿನಲ್ಲಿ ಯಾರಾದರೂ ಹತ್ತಿರ ಬಂದರೆ ನಾನು ಮೊದಲು ಕೇಳಿಕೊಳ್ಳುವುದು ಇವರಿಗೆ ಇದರಿಂದ ಏನು ಸಿಗುತ್ತದೆ ಎಂದು. ವ್ಯಾಪಾರಕ್ಕೆ ಅದು ಒಳ್ಳೆಯದೇ, ಯಾರಿಂದಲೂ ನನಗೆ ಟೋಪಿ ಹಾಕಲಾಗಿಲ್ಲ. ಮದುವೆಯ ಮಾತಿಗೆ ಬಂದಾಗ ನನ್ನ ಗಂಡನನ್ನೂ ಕೇಳಿದ್ದೆ, ನನ್ನಲ್ಲಿ ಏನು ಕಂಡು ಒಪ್ಪಿದಿರಿ ಎಂದು. ಪಾಪ, ಸುಮ್ಮನೆ ಇಷ್ಟ ಆಯಿತು ಎಂದರು. ಸುಮ್ಮನೆ ಎಂಬುದನ್ನು ಒಪ್ಪಲು ನನಗೆ ವರ್ಷಗಳೇ ಬೇಕಾದವು.

ಮಾವ್ಶಿ ಕುವೈತು ಬಿಟ್ಟು ಬಂದು ಈಗ ಕಾರ್ಕಳದಲ್ಲಿದ್ದಾಳೆ. ಮಂಡಿ ನೋವು, ಸಕ್ಕರೆ ಕಾಯಿಲೆ. ಆ ಮೆಟ್ಟಿಲ ಮೇಲಿನ ಮಾತು ಅವಳಿಗೆ ನೆನಪಿರುವ ಹಾಗಿಲ್ಲ, ನಾನು ಎತ್ತಿಲ್ಲ. ಮೊನ್ನೆ ಅವಳ ಮೊಮ್ಮಗುವಿನ ದೀಕ್ಷಾಸ್ನಾನಕ್ಕೆ ಹೋಗಿದ್ದೆ. ಊಟವಾದ ಮೇಲೆ ಯಾರೋ ಮೊಬೈಲು ಎತ್ತಿ ಎಲ್ಲರೂ ನಿಲ್ಲಿ ಎಂದರು. ನಾನು ತುದಿಯಲ್ಲಿದ್ದೆ. ಕುರ್ಚಿಯಲ್ಲಿ ಕೂತಿದ್ದ ಮಾವ್ಶಿ ಕೈ ಚಾಚಿ, “ಅಷ್ಟು ದೂರ ಎಂತಕ್ಕೆ ನಿಂತದ್ದು? ಬಾ, ನನ್ನ ಹತ್ತಿರ ಬಾ” ಎಂದು ಕರೆದಳು.

ಅವಳ ಎಡಗಡೆ ಯಾರಿದ್ದಾರೆ, ಬಲಗಡೆ ಯಾರಿದ್ದಾರೆ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ನನ್ನ ಕಣ್ಣು ತಾನಾಗಿಯೇ ನೋಡಿತು. ಎಪ್ಪತ್ತರ ಹತ್ತಿರದ ಹೆಂಗಸು, ಮಡಿಲಲ್ಲಿ ಮೊಮ್ಮಗು. ಅವಳಿಗೆ ಇನ್ನು ಯಾರ ಪಕ್ಕದಲ್ಲಿ ಯಾವ ಬಣ್ಣ ಕಾಣಬೇಕಾಗಿದೆ? ಈ ಸಲ ಕರೆದದ್ದು ಬರೀ ಪ್ರೀತಿಯಿಂದಲೇ ಇದ್ದೀತು. ಇರಲೂಬಹುದು. ನನಗೆ ಅದನ್ನು ಹಾಗೇ ತೆಗೆದುಕೊಳ್ಳಲು ಬರುವುದಿಲ್ಲ, ಅಷ್ಟೇ. ನಾನು ಹೆಜ್ಜೆ ಕಿತ್ತಿಡುವಷ್ಟರಲ್ಲಿ ಫೋಟೋ ತೆಗೆದು ಮುಗಿದಿತ್ತು, ಮಾವ್ಶಿ ಚಾಚಿದ ಕೈಯನ್ನು ಮಡಚಿ ಮಗುವಿನ ಟೋಪಿ ಸರಿಮಾಡುತ್ತಿದ್ದಳು.