ಒದ್ದೆ ಬಟ್ಟೆಯಲ್ಲಿ ಸೋಸಿದ ಸೀಮೆಎಣ್ಣೆ

ಸೀಮೆಎಣ್ಣೆಯನ್ನು ಹಾಲಿಗಿಂತ ಜೋಪಾನವಾಗಿ ಸೋಸುತ್ತಿದ್ದ ಕಾಲ ಅದು. ಎಲ್ಲೋ ದೂರದಲ್ಲಿ ಯುದ್ಧ ನಡೆದಿತ್ತಂತೆ. ನಮಗೆ ಯುದ್ಧವೆಂದರೆ ದೀಪಕ್ಕೆ ಎಣ್ಣೆ ಸಿಗದಿರುವುದು, ಸಿಕ್ಕ ಎಣ್ಣೆಯಲ್ಲಿ ಅರ್ಧ ನೀರು ಇರುವುದು, ಅಷ್ಟೆ. ನನಗಾಗ ಹತ್ತು ವರ್ಷ. ಕೋಸಿಗಿಯ ಆಚೆ, ತುಂಗಭದ್ರೆಯ ದಂಡೆಗೆ ನಮ್ಮೂರು. ಈಚೆ ದಡದಲ್ಲಿ ಬ್ರಿಟಿಷರ ರಾಜ್ಯ, ಆಚೆ ದಡದಲ್ಲಿ ನಿಜಾಮರದು. ಹೆಣ್ಣು ಕೊಟ್ಟು ತರುವುದಕ್ಕೆ ಅದೇನೂ ಅಡ್ಡಿಯಾಗಿರಲಿಲ್ಲ. ನಮ್ಮಕ್ಕನನ್ನು ಆಚೆ ದಡದ ಊರಿಗೇ ಕೊಟ್ಟಿದ್ದರು.

ಅಪ್ಪ ಹತ್ತಿ ವ್ಯಾಪಾರಿ. ಆಚೆಯ ಹತ್ತಿಯನ್ನು ಪುಟ್ಟಿಯಲ್ಲಿ, ಅಂದರೆ ಚರ್ಮ ಹೊದಿಸಿದ ಗುಂಡು ಹರಿಗೋಲಿನಲ್ಲಿ, ತರಿಸಿ ತರಿಸಿ ಅವನಿಗೆ ಸಾಕಾಗಿಹೋಗಿತ್ತು. ಆದವಾನಿಯ ಹತ್ತಿ ಮಿಲ್ಲೊಂದರ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಇಂಜಿನ್ನೊಂದನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದು, ದೊಡ್ಡ ಮರದ ದೋಣಿಗೆ ಕೂಡಿಸಿದ. ಊರವರು ಅದನ್ನು ಡುಬುಡುಬಿ ಎಂದು ಕರೆದರು. ಹೊಳೆ ತುಂಬಿದಾಗ ಪುಟ್ಟಿಯವರು ಕೈಕಟ್ಟಿ ಕೂತರೂ ಡುಬುಡುಬಿ ಮಾತ್ರ ದಾಟುತ್ತಿತ್ತು. ಶ್ರಾವಣ ಸೋಮವಾರ ಉರುಕುಂದದ ಜಾತ್ರೆಗೆ ಬರುವ ಆಚೆ ದಡದವರೆಲ್ಲ ಅದರಲ್ಲೇ ಬರುತ್ತಿದ್ದರು.

ಅದನ್ನು ಓಡಿಸುತ್ತಿದ್ದವನು ಮೌಲಾಸಾಬ. ಐವತ್ತು ದಾಟಿದ ಮನುಷ್ಯ. ಕೈ ಗಟ್ಟಿ, ಕಣ್ಣು ಮಂಜು. ಎಣ್ಣೆಯೊಳಗಿನ ನೀರಿನ ಹನಿ ಅವನಿಗೆ ಕಾಣುತ್ತಿರಲಿಲ್ಲ. ಅದಕ್ಕೇ ಸೋಸುವ ಕೆಲಸ ನನ್ನ ಪಾಲಿಗೆ ಬಂತು. ನಾನೇ ಹಟ ಮಾಡಿ ಇಸಕೊಂಡೆ ಅನ್ನುವುದು ನಿಜ. ಓರಗೆಯ ಹುಡುಗಿಯರು ಆಣಿಕಲ್ಲು ಆಡುತ್ತಿದ್ದರೆ ನಾನು ಮೈಗೆಲ್ಲ ಸೀಮೆಎಣ್ಣೆ ವಾಸನೆ ಹೊತ್ತು ಮೆರೆಯುತ್ತಿದ್ದೆ.

ಡಬ್ಬಿಯನ್ನು ಒಂದು ದಿನ ಅಲುಗಾಡಿಸದೆ ಇಡಬೇಕು. ನೀರು, ತುಕ್ಕಿನ ಚೂರು, ಸತ್ತ ಹುಳ ಎಲ್ಲ ತಳಕ್ಕೆ ಇಳಿಯುತ್ತವೆ. ಆಮೇಲೆ ಮೇಲಿನದನ್ನಷ್ಟೇ ಬಗ್ಗಿಸಬೇಕು. ತಳದ ನಾಲ್ಕು ಬೆರಳಿನಷ್ಟನ್ನು ಆಸೆಪಟ್ಟು ಸುರಿಯಬಾರದು. ಲಾಳಿಕೆಯ ಬಾಯಿಗೆ ಹಳೆಯ ಮೆತ್ತನೆ ಧೋತರದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟಬೇಕು. ಹೊಸ ಬಟ್ಟೆಯಾದರೆ ಎಳೆ ಬಿಡುತ್ತದೆ, ಎಳೆ ಹೋಗಿ ಇಂಜಿನ್ನಿನ ಸಣ್ಣ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಇಷ್ಟನ್ನೂ ಅವನು ನನಗೆ ಒಂದೇ ಮಧ್ಯಾಹ್ನ ಕಲಿಸಿದ. ಕೊನೆಗೆ ಬಟ್ಟೆಯ ಮೇಲೆ ಅಂಗೈಯಷ್ಟು ಎಣ್ಣೆ ಚಿಮುಕಿಸಿ ತೋರಿಸಿದ.

"ನೋಡು ಬೇಟಿ, ಬಟ್ಟಿಗೆ ಮೊದಲು ಎಣ್ಣಿ ಕುಡಿಸಬೇಕು. ಹೊಟ್ಟಿತುಂಬ ಎಣ್ಣಿ ಕುಡೀತು ಅಂದ್ರ ಆಮ್ಯಾಲೆ ನೀರು ಮುಟ್ಟಂಗಿಲ್ಲ. ನೀರು ಮ್ಯಾಲೇ ಕುಂದ್ರತೈತಿ."

ಹೌದು, ಎಣ್ಣೆಯೊಂದಿಗೆ ಬಂದ ನೀರಿನ ಹನಿಗಳು ಬಟ್ಟೆಯ ಮೇಲೆ ಸಾಬೂದಾನಿಯಂತೆ ಉರುಳಾಡುತ್ತಿದ್ದವು.

"ಮೊದಲು ನೀರೇ ಕುಡೀತು ಅಂದ್ರ?" ಎಂದೆ.

"ಖತಂ. ನೀರನ್ನ ಒಳಗ ಬಿಡತೈತಿ, ಎಣ್ಣಿನ ತಡೀತೈತಿ. ಟಾಕಿಯೊಳಗ ನೀರು ಹೋತಂದ್ರ ಇಂಜಿನ್ನು ಎರಡು ಸಲ ಕೆಮ್ಮತೈತಿ, ಆಮ್ಯಾಲೆ ಸುಮ್ಮನಾಗತೈತಿ. ಹೊಳಿ ನಡುವ ಸುಮ್ಮನಾದ್ರ ಏನು ಮಾಡ್ತಿ?"

ಅಂದರೆ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೇ ಇಲ್ಲ.

ಮನೆಯಲ್ಲಿ ಇನ್ನೊಂದು ಸೋಸುವ ಕೆಲಸವಿತ್ತು. ನಮ್ಮದು ಲಿಂಗ ಕಟ್ಟಿದವರ ಮನೆ. ಸೋಸದ ನೀರು ಯಾರ ಬಾಯಿಗೂ ಬೀಳುತ್ತಿರಲಿಲ್ಲ. ಪೂಜೆಯ ನೀರಿಗಂತೂ ಬಿಳಿ ಬಟ್ಟೆಯೊಂದು ಬೇರೆಯೇ ಇತ್ತು. ಅದನ್ನು ದಿನಾ ಒಗೆದು, ಹಿಂಡಿ, ಒದ್ದೆಯಾಗಿರುವಾಗಲೇ ಕೊಡದ ಬಾಯಿಗೆ ಕಟ್ಟಬೇಕು. ಒಣ ಬಟ್ಟೆ ಕಟ್ಟಿದರೆ ಅಜ್ಜಿ ಆ ನೀರನ್ನು ಬೇವಿನ ಗಿಡಕ್ಕೆ ಚೆಲ್ಲಿಸಿ ಮತ್ತೆ ತರಿಸುತ್ತಿದ್ದಳು. ಬೆಳಿಗ್ಗೆ ಒದ್ದೆ ಬಟ್ಟೆ, ಮಧ್ಯಾಹ್ನ ಎಣ್ಣೆ ಬಟ್ಟೆ. ಎರಡನ್ನೂ ನಾನೇ ಕಟ್ಟುತ್ತಿದ್ದೆ, ಒಂದು ದಿನವೂ ತಪ್ಪಿರಲಿಲ್ಲ.

ಅಕ್ಕನ ಬಗ್ಗೆ ಹೇಳಬೇಕು. ನಮ್ಮ ತಾಯಿ ತೀರಿದಾಗ ನನಗೆ ಎರಡು ವರ್ಷವಂತೆ, ಅಕ್ಕನಿಗೆ ಹತ್ತು. ನನಗೆ ರೊಟ್ಟಿ ಚೂರು ಮಾಡಿ ಉಣಿಸಿದವಳು, ಹೇನು ತೆಗೆದವಳು, ಜಡೆ ಎಳೆದೆಳೆದು ಹೆಣೆದವಳು ಅವಳೇ. ಗುರೆಳ್ಳು ಚಟ್ನಿಗೆ ಬೆಲ್ಲ ಜಾಸ್ತಿ ಹಾಕುತ್ತಿದ್ದಳು, ನನಗಾಗಿ. ಮದುವೆಯಾಗಿ ಹೋದ ದಿನ ದೋಣಿಯ ಅಂಚಿಗೆ ಕೂತು, "ಅಳಬ್ಯಾಡ ಹುಚ್ಚಿ, ನೀನೇ ಎಣ್ಣಿ ಸೋಸಿ ಕಳಸು, ನಾನು ಎಂಟು ದಿನಕ್ಕೊಮ್ಮೆ ಬರ್ತೀನಿ" ಎಂದಿದ್ದಳು. ಬರುತ್ತಲೂ ಇದ್ದಳು.

ಚೊಚ್ಚಲ ಬಸುರಿ. ಬಾಣಂತನ ನಮ್ಮಲ್ಲೇ ಆಗಬೇಕು. ಒಂಬತ್ತಕ್ಕೆ ಬೀಳಲಿ, ಕರೆತರೋಣ ಎಂದು ಅಪ್ಪ ಕೂತಿದ್ದ. ಅಷ್ಟರಲ್ಲಿ ಶ್ರಾವಣದ ಹೊಳೆ ಬಂತು. ಅದರ ಬೆನ್ನಿಗೇ, ಒಂದು ಮುಂಜಾನೆ, ಆಚೆ ದಡದಲ್ಲಿ ಯಾರೋ ಕೆಂಪು ಶಲ್ಯ ಬೀಸಿದರು. ಮೌಲಾಸಾಬ ಹೋಗಿ ಸುದ್ದಿ ತಂದ. ದಿನ ತುಂಬುವ ಮೊದಲೇ ಅಕ್ಕನಿಗೆ ನೋವು ಕಾಣಿಸಿಕೊಂಡಿದೆ, ಕೂಸು ಅಡ್ಡ ತಿರುಗಿದೆ, ತನ್ನ ಕೈಲಿ ಆಗುವುದಿಲ್ಲ ಎಂದು ಸೂಲಗಿತ್ತಿ ಕೈಚೆಲ್ಲಿದ್ದಾಳೆ. ಹೊಳೆ ದಾಟಿಸಿ, ಕೋಸಿಗಿಯಲ್ಲಿ ರೈಲು ಹತ್ತಿಸಿ ಆದವಾನಿಯ ದವಾಖಾನೆಗೆ ಮುಟ್ಟಿಸಿದರೆ ಎರಡು ಜೀವ ಉಳಿದಾವು.

ಅಪ್ಪ ದಂಡೆಗೆ ಓಡಿ ಪುಟ್ಟಿಯವರನ್ನೂ ಕೇಳಿದ. "ವದ್ದು ಸಾಮಿ, ಹೊಳಿ ಭಾಳ ಬಂದೈತಿ, ಪುಟ್ಟಿ ನಿಲ್ಲಂಗಿಲ್ಲ" ಎಂದುಬಿಟ್ಟರು. ಡುಬುಡುಬಿಯೇ ಗತಿ.

ಟಾಕಿಯಲ್ಲಿದ್ದ ಎಣ್ಣೆ ಹೋಗುವುದಕ್ಕೆ ಸಾಕಿತ್ತು, ಬರುವುದಕ್ಕೆ ಸಾಲದು. "ಬೇಟಿ, ಜಲ್ದಿ ಒಂದು ಡಬ್ಬಿ ಸೋಸು, ಆಚೆ ಕಡೆ ಹಾಕ್ಕೋತೀನಿ" ಎಂದು ಮೌಲಾಸಾಬ ಇಂಜಿನ್ನಿಗೆ ಹಗ್ಗ ಸುತ್ತತೊಡಗಿದ. ನಾನು ಲಾಳಿಕೆ ತೆಗೆದೆ. ಆ ಗಡಿಬಿಡಿಯಲ್ಲಿ ಎಣ್ಣೆಯ ಬಟ್ಟೆ ಕೈಜಾರಿ ಹಸಿ ಮರಳಿನ ಮೇಲೆ ಬಿತ್ತು. ಎತ್ತಿ ಎಷ್ಟು ಝಾಡಿಸಿದರೂ ಮರಳು ಬಿಡಲಿಲ್ಲ. ಮನೆಗೆ ಓಡಿದೆ.

ಅಜ್ಜಿ ದೇವರ ಜಗಲಿಯ ಮುಂದೆ ಕೂತು ಲಿಂಗಪೂಜೆ ಮಾಡುತ್ತಿದ್ದಳು. "ಅಜ್ಜೀ, ಬಟ್ಟಿ ಬೇಕು, ಎಣ್ಣಿ ಸೋಸಾಕ, ಅಕ್ಕನ್ನ ಕರಕೊಂಡು ಬರಾಕ" ಎಂದೆ. ಪೂಜೆಗೆ ಕೂತವಳು ನಡುವೆ ಏಳುವುದು ನಾನು ಕಂಡಿರಲಿಲ್ಲ. ಅವತ್ತು ಎದ್ದಳು. ಕೊಡದ ಬಾಯಿಗೆ ಕಟ್ಟಿದ್ದ ಬಿಳಿ ಬಟ್ಟೆಯನ್ನೇ ಬಿಚ್ಚಿ ನನ್ನ ಕೈಯಲ್ಲಿಟ್ಟಳು.

"ಇದಕ್ಕಿಂತ ಮಡಿ ಬಟ್ಟಿ ಯಾವುದೈತಿ? ಆಕಿ ಜೀವದ ಮಾತು. ಒಯ್ಯಿ, ಓಡು."

ನಾನು ಓಡಿದೆ. ದೇವರ ಬಟ್ಟೆ ಎಂಬ ಧೈರ್ಯ ಎದೆಯಲ್ಲಿ ತುಂಬಿಕೊಂಡಿತ್ತು. ಬಟ್ಟೆ ಒದ್ದೆಯಿದೆ ಎಂಬುದು ಕೈಗೆ ತಿಳಿಯುತ್ತಿತ್ತು. ಆದರೆ ಅದು ಒದ್ದೆಯೇ ಇರಬೇಕಾದ ಬಟ್ಟೆ, ನಾನು ಅದನ್ನು ಬೇರೆ ಥರ ನೋಡಿಯೇ ಇರಲಿಲ್ಲ. ಲಾಳಿಕೆಗೆ ಕಟ್ಟಿದೆ, ಎಣ್ಣೆ ಸುರಿದೆ. ಇಳಿಯಲೊಲ್ಲದು. ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ಅಪ್ಪ ದೋಣಿಯಿಂದ ಕೂಗುತ್ತಿದ್ದ. ನಾನು ಬಟ್ಟೆಯ ನಾಲ್ಕೂ ತುದಿ ಹಿಡಿದು, ಎಣ್ಣೆಯನ್ನೆಲ್ಲ ಡಬ್ಬಿಯೊಳಕ್ಕೆ ಹಿಂಡಿದೆ. ಮತ್ತೆ ಸುರಿದೆ, ಮತ್ತೆ ಹಿಂಡಿದೆ. ಹಿಂಡುವುದು ನನಗೆ ಚೆನ್ನಾಗಿ ಬರುತ್ತಿತ್ತು.

"ಬಟ್ಟಿಲೆ ಸೋಸಿದಿ ಏನು?" ಮೌಲಾಸಾಬ ಡಬ್ಬಿ ಎತ್ತಿಕೊಳ್ಳುತ್ತ ಕೇಳಿದ.

"ಹ್ಞೂಂ" ಎಂದೆ.

ಹೋಗುವಾಗ ದೋಣಿ ಸರಿಯಾಗಿಯೇ ಹೋಯಿತು. ದಂಡೆಯ ಕಲ್ಲಿನ ಮೇಲೆ ಕೂತು ನೋಡಿದೆ. ಆಚೆ ದಡದಲ್ಲಿ ಹೊರಸಿನ ಮೇಲೆ ಯಾರನ್ನೋ ಹೊತ್ತು ತಂದರು. ಅಕ್ಕ ಎಂದು ಗೊತ್ತಾದದ್ದು ಅವಳ ಹಸಿರು ಸೀರೆಯಿಂದ. ಡುಬುಡುಬಿ ತಿರುಗಿತು. ಸದ್ದು ಹತ್ತಿರವಾಗುತ್ತ ಬಂತು. ನಡುಹೊಳೆಗೆ ಬಂದಾಗ ಎರಡು ಸಲ ಕೆಮ್ಮಿತು. ನಿಂತಿತು.

ಅಷ್ಟು ಹೊತ್ತೂ ಇಂಜಿನ್ನಿನ ಸದ್ದಿನಲ್ಲಿ ಮುಚ್ಚಿಹೋಗಿದ್ದ ಹೊಳೆಯ ಸದ್ದು ಒಮ್ಮೆಲೇ ಕೇಳಿಸಿತು. ಮೌಲಾಸಾಬ ಬಗ್ಗಿ ಹಗ್ಗ ಎಳೆಯುವುದು, ಮತ್ತೆ ಎಳೆಯುವುದು ಕಾಣುತ್ತಿತ್ತು. ಅಪ್ಪ ಗಳ ಹಿಡಿದು ನಿಂತಿದ್ದ, ಗಳಕ್ಕೆ ತಳ ಸಿಗುತ್ತಿರಲಿಲ್ಲ. ದೋಣಿ ಅಡ್ಡಡ್ಡ ತಿರುಗುತ್ತ, ಏನೂ ಅವಸರವಿಲ್ಲದ ಹಾಗೆ, ಕೆಳಕ್ಕೆ ಹೋಯಿತು. ತಿರುವಿನಲ್ಲಿ ಮರೆಯಾಯಿತು. ದಂಡೆಯ ಮೇಲಿದ್ದವರೆಲ್ಲ ಹೋ ಎಂದು ಕೂಗುತ್ತ ಓಡಿದರು. ನಾನು ಏಳಲಿಲ್ಲ. ಯಾರೋ ಪುಣ್ಯಾತ್ಗಿತ್ತಿ ನನ್ನ ಮಡಿಲಲ್ಲಿ ಒಗ್ಗರಣೆ ಮಂಡಾಳು, ಅಂದರೆ ಮಂಡಕ್ಕಿ, ಹಾಕಿ ಹೋದಳು. ಅದನ್ನು ಒಂದು ಕಾಳೂ ಬಿಡದೆ ತಿಂದೆ. ರುಚಿಯಾಗಿತ್ತು. ಆ ದಿನದ್ದು ನನಗೆ ತಡೆಯಲಾಗದ ನೆನಪು ಯಾವುದೆಂದರೆ ಅದೇ.

ಎರಡು ಮೈಲಿ ಕೆಳಗೆ, ಹೊಳೆಯ ನಡುವಿನ ಬಂಡೆಗಳಿಗೆ ದೋಣಿ ತಗುಲಿ ನಿಂತಿತಂತೆ. ಮಧ್ಯಾಹ್ನದವರೆಗೆ ಯಾರಿಗೂ ಅವರ ಹತ್ತಿರ ಹೋಗಲಾಗಲಿಲ್ಲ. ಅಲ್ಲೇ ಬಂಡೆಯ ಮೇಲೆ, ಜೊತೆಗಿದ್ದ ಅಕ್ಕನ ಅತ್ತೆ ಕೂಸನ್ನು ಹೇಗೋ ಎಳೆದು ತೆಗೆದಳು. ಹೆಣ್ಣು, ಬದುಕಿತ್ತು. ಅಕ್ಕನ ರಕ್ತ ನಿಲ್ಲಲಿಲ್ಲ. ನೀರು ತುಸು ಇಳಿದು ಪುಟ್ಟಿ ಮುಟ್ಟುವ ಹೊತ್ತಿಗೆ ಅವಳು ಹೋಗಿದ್ದಳು.

ಮೂರನೆಯ ದಿನ ದೋಣಿಯನ್ನು ಎಳೆದು ತಂದರು. ಮೌಲಾಸಾಬ ಟಾಕಿಯ ಕೆಳಗಿನ ಗಾಜಿನ ಬಟ್ಟಲನ್ನು ಬಿಚ್ಚಿ ಬಿಸಿಲಿಗೆ ಹಿಡಿದ. ಅರ್ಧಕ್ಕೂ ಮೇಲೆ ನೀರು, ಮೇಲೆ ತೆಳ್ಳಗೆ ಎಣ್ಣೆ. ಅಷ್ಟು ನೀರು ಅವನ ಮಂಜುಗಣ್ಣಿಗೂ ಕಂಡಿತು.

"ಯಾವ ಬಟ್ಟಿ ಕಟ್ಟಿದ್ದಿ, ಬೇಟಿ?"

"ಕೊಡದ ಬಟ್ಟಿ."

"ಒದ್ದಿ ಇತ್ತೇನು?"

ನಾನು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡೆ. ಅವನು ಬಟ್ಟಲನ್ನು ಮರಳಿಗೆ ಚೆಲ್ಲಿ, ಅಂಗಿಯ ತುದಿಯಿಂದ ಒರೆಸಿದ. ಬಹಳ ಹೊತ್ತು ಒರೆಸಿದ. ಅಷ್ಟರಲ್ಲಿ ಅಪ್ಪ ಬಂದು ತಲೆಯ ಮೇಲೆ ನಿಂತ.

"ಏನಾಗಿತ್ತು, ಹೇಳು."

"ಟಾಕಿ ಮುಚ್ಚಳ ನಾನು ಬಿಗಿ ತಿರುವಿದ್ದಿಲ್ರಿ, ಧಣಿ. ತೆರಿ ಹೊಡದು ನೀರು ಒಳಗ ಹೋಗೈತಿ. ತಪ್ಪು ನಂದರಿ."

ಅಪ್ಪ ಅವನ ಕೆನ್ನೆಗೆ ಹೊಡೆದ. ನನ್ನ ಎದುರಿಗೇ. ಮೌಲಾಸಾಬ ಬಿದ್ದ ಟೋಪಿ ಎತ್ತಿಕೊಂಡು, ನನ್ನ ಕಡೆ ನೋಡದೆ, ದಂಡೆ ಹತ್ತಿ ಹೋದ. ಗೋನೆಗಂಡ್ಲದ ಕಡೆ ಅವನ ತಮ್ಮನಿದ್ದನಂತೆ, ಅಲ್ಲಿಗೆ ಹೋದ ಎಂದರು. ಮತ್ತೆ ನಾನು ಅವನನ್ನು ಕಾಣಲಿಲ್ಲ. ಹುಡುಕಲೂ ಇಲ್ಲ. ಅವನು ಹೊಡೆಸಿಕೊಳ್ಳುವಾಗ ನಾನೇ ಎಂದು ಒಂದು ಮಾತು ಹೇಳಬಹುದಿತ್ತು. ನಾಲಿಗೆ ಇತ್ತು, ಹೇಳಲಿಲ್ಲ. ಅಜ್ಜಿಗೂ ಹೇಳಲಿಲ್ಲ. ಮೊಮ್ಮಗಳ ಜೀವಕ್ಕೆಂದು ದೇವರ ಬಟ್ಟೆ ಕೊಟ್ಟೆ ಎಂಬ ಸಮಾಧಾನದಲ್ಲೇ ಅವಳು ಸತ್ತಳು.

ನಾನು ಅಳಲಿಲ್ಲ. ಊರ ಹೆಂಗಸರು, "ಇದಕ್ಕ ಏನಾಗೈತಿ, ಕಲ್ಲಾಗೈತಿ" ಎಂದು ನನ್ನ ಬೆನ್ನು ತಟ್ಟಿ ತಟ್ಟಿ ಅಳಿಸಲು ನೋಡಿದರು. ಬರಲಿಲ್ಲ. ಇಷ್ಟು ವರ್ಷವಾದರೂ ಬಂದಿಲ್ಲ.

ಆಚೆ ದಡದವರು ಹೆಣ್ಣು ಕೂಸನ್ನು ನಮ್ಮಲ್ಲೇ ಬಿಟ್ಟರು. ಹೊಳೆಯಲ್ಲಿ ಹುಟ್ಟಿದ್ದಕ್ಕೆ ಗಂಗಿ ಎಂದು ಹೆಸರಿಟ್ಟೆವು. ಅಜ್ಜಿ ಮೇಕೆ ಹಾಲು ಕುಡಿಸಿದಳು, ನಾನು ಸೊಂಟದ ಮೇಲೆ ಹೊತ್ತು ತಿರುಗಿದೆ. ಮಾತು ಬಂದಾಗ ಅದು ಮೊದಲು ನನ್ನನ್ನೇ ನೋಡಿ "ಅವ್ವಾ" ಎಂದಿತು. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಓ ಅನ್ನು, ಕೂಸು ಕರಿಯಾಕತ್ತೈತಿ" ಎಂದಳು. ನಾನು ಓ ಎಂದೆ.

ಈಗ ಆ ಹೊಳೆಗೆ ಮೇಲೆ ಅಣೆಕಟ್ಟು ಬಂದಿದೆ, ಆಚೆ ದಡಕ್ಕೆ ಬಸ್ಸು ಹೋಗುತ್ತದೆ. ಡುಬುಡುಬಿಯ ಹಲಗೆ ಯಾರ ಮನೆಯ ಬಾಗಿಲಾಯಿತೋ. ಅಕ್ಕನ ಮುಖ ಮಸುಕಾಗಿದೆ, ದನಿ ಪೂರ್ತಿ ಹೋಗಿದೆ. ಅವಳಿಗೆ ಹದಿನೆಂಟಾಗಿತ್ತು. ಗಂಗಿಗೆ ಈಗ ಮೊಮ್ಮಕ್ಕಳಿದ್ದಾರೆ. ಮೌಲಾಸಾಬ ಹೇಗಿದ್ದ ಎಂದು ಕೂಡ ತಿಳಿಯದೆ, ಅಪ್ಪನಿಂದ ಕಲಿತ ಬೈಗುಳದಲ್ಲೇ ಅವಳು ಅವನನ್ನು ಜೀವಮಾನವಿಡೀ ಬೈದಿದ್ದಾಳೆ. "ಆ ಡ್ರೈವರ್‌ ಮುಚ್ಚಳ ನೆಟ್ಟಗ ಹಾಕಿದ್ರ ನಮ್ಮವ್ವ ಉಳೀತಿದ್ಲು" ಎನ್ನುವಳು. ನಾನು ಪ್ರತಿ ಸಲವೂ ಹೌದು ಎಂದಿದ್ದೇನೆ.

ಇದು ಅಚ್ಚಾದ ಮೇಲೆ ಗಂಗಿ ಓದುತ್ತಾಳೆ. ನಾನು ಬರೆದದ್ದನ್ನು ಕನ್ನಡಕ ಹಾಕಿಕೊಂಡು ಒಂದಕ್ಷರ ಬಿಡದೆ ಓದುವವಳು ಅವಳೊಬ್ಬಳೇ. ಓದಿ ಮುಗಿಸಿ, ಒಳಮನೆಯಿಂದ ನನ್ನನ್ನು ಏನೆಂದು ಕರೆಯುತ್ತಾಳೋ ನನಗೆ ಗೊತ್ತಿಲ್ಲ.